ವೀಳ್ಯ ತಡವಾದ ಆಟ

ನಮ್ಮ ಮನೆಯವರಿಗೆ ಕಾದಂಬರಿಯ ಹುಚ್ಚು ಇದೆ ಎಂದು ಹೆಣ್ಣು ನೋಡಲು ಬಂದಾಗ ಯಾರೂ ಹೇಳಲಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಒಬ್ಬನೇ ಮಗ, ಹೆಸರು ಮನೋಹರ, ಸಿಟ್ಟು ಕಡಿಮೆ, ಎಲೆ ಅಡಿಕೆ ಬಿಟ್ಟರೆ ಬೇರೆ ಚಟವಿಲ್ಲ. ಅಷ್ಟೇ ಹೇಳಿದ್ದು, ಸುಳ್ಳೇನೂ ಅಲ್ಲ. ಮದುವೆಯಾಗಿ ಬಂದ ಮೇಲೆ ನೋಡಿದರೆ ಅಟ್ಟದ ಮೇಲೆ ಅಕ್ಕಿ ಚೀಲ ಹೊಲಿಯುವ ಸುತಳಿಯಿಂದ ಕಟ್ಟಿಟ್ಟ ಹಾಳೆಗಳ ಗಂಟುಗಳು ಸಾಲಾಗಿ ಕೂತಿದ್ದವು. ಬಿಚ್ಚಿ ನೋಡಿದೆ. ಎಲ್ಲವೂ ಒಂದೇ ಕಾದಂಬರಿಯ ಮೊದಲ ಅಧ್ಯಾಯ. ಎರಡನೆಯ ಅಧ್ಯಾಯ ಯಾವ ಗಂಟಿನಲ್ಲೂ ಇರಲಿಲ್ಲ.

ಹೊಳೆಯಲ್ಲಿ ಹರಿಗೋಲು ಹಾಕಿ ಬದುಕುವ ಒಬ್ಬ ಹೆಂಗಸಿನ ಕಥೆ ಅದು. ಕಥೆ ಏನೆಂದು ಇವರಿಗೆ ಚೆನ್ನಾಗಿ ಗೊತ್ತಿತ್ತು, ಊಟಕ್ಕೆ ಕೂತಾಗ ನನಗೂ ಹೇಳುತ್ತಿದ್ದರು. ಬರೆಯಲು ಕೂತರೆ ಮಾತ್ರ ಹೆಂಗಸು ದಂಡೆ ಬಿಟ್ಟು ಮುಂದೆ ಹೋಗುತ್ತಿರಲಿಲ್ಲ. ಗಿರಣಿಯ ಗದ್ದಲದಲ್ಲಿ ಬರೆಯಲಾಗುವುದಿಲ್ಲ, ತನಗೆ ಶಾಂತಿ ಬೇಕು ಎಂದರು. ಹಂಪಿಯಲ್ಲಿ ಹೊಳೆದಂಡೆಗೆ ಒಂದು ರೂಮು ಹಿಡಿದುಕೊಟ್ಟೆವು. ಕೆಳಗಿನ ರೂಮಿನಲ್ಲಿ ಯಾವ ದೇಶದವನೋ ಒಬ್ಬ ಕೊಳಲು ಕಲಿಯುತ್ತಿದ್ದನಂತೆ, ವಾರಕ್ಕೇ ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ವಾಪಸು ಬಂದರು. ಆಮೇಲೆ ಸಂಡೂರಿನ ಗುಡ್ಡದ ಬದಿ ಪರಿಚಯದವರೊಬ್ಬರ ತೋಟದ ಮನೆ. ಅಲ್ಲಿ ಪಕ್ಕದ ಗುಡ್ಡಕ್ಕೆ ಸಿಡಿಮದ್ದು ಇಡಲು ಶುರು ಮಾಡಿದ್ದರು. ಹೊಸಪೇಟೆಯ ನನ್ನ ತವರಿನಲ್ಲೂ ಒಂದು ತಿಂಗಳು ಇದ್ದರು, ಅಲ್ಲಿ ಬರೆಯುವುದಕ್ಕಿಂತ ನಮ್ಮವ್ವ ಮಾಡಿಹಾಕಿದ್ದನ್ನು ತಿಂದದ್ದೇ ಹೆಚ್ಚು. ಈ ಜನ್ಮದಲ್ಲಿ ಎರಡನೇ ಅಧ್ಯಾಯ ಓದುವ ಯೋಗ ನನಗಿಲ್ಲ ಎಂದು ನಾನು ಎಲ್ಲರೆದುರೇ ಆಡಿಕೊಳ್ಳುತ್ತಿದ್ದೆ.

ಆ ಅಧ್ಯಾಯ ಕೊನೆಗೂ ಬಂದದ್ದು ನಮ್ಮ ಗಿರಣಿಯ ಹಿಂದಿನ ಗೋದಾಮಿನಿಂದ.

ನಮ್ಮ ಮಾವ ಮರುಳಸಿದ್ದಪ್ಪನವರ ಕಾಲದಿಂದಲೂ ಆ ಹಳೇ ಗೋದಾಮು ಬಯಲಾಟದವರ ತಾಲೀಮಿಗೆ ಬಿಟ್ಟ ಜಾಗ. ಪಕ್ಕದ ಹಳ್ಳಿ ಮೆಟ್ರಿಯ ಮೇಳ ಅದು. ಗಿರಣಿಯ ಹಮಾಲರು, ಗದ್ದೆ ಕೆಲಸದವರು, ಒಬ್ಬ ಪಂಕ್ಚರ್ ಅಂಗಡಿಯವನು, ಇಂಥವರೇ ಪಾತ್ರಧಾರಿಗಳು. ಆಟದ ದಿನದ ಚಪ್ಪರ, ದೀಪ, ವೇಷದ ಖರ್ಚು ನಮ್ಮ ಮನೆಯದು. ಅದಕ್ಕೇ ಆಟದ ತಾರೀಕು ಗೊತ್ತು ಮಾಡುವ ಹಕ್ಕೂ ನಮ್ಮ ಮನೆಗೇ. ಮನೆಯ ಹಿರಿಯ ಗಂಡಸು ತಾಲೀಮಿಗೆ ಹೋಗಿ ಮೇಳದ ಮಾಸ್ತರರ ಕೈಗೆ ವೀಳ್ಯ ಕೊಟ್ಟರೆ ತಾರೀಕು ಕೊಟ್ಟ ಹಾಗೆ. ವೀಳ್ಯ ಬರುವತನಕ ತಾಲೀಮು ನಡೆಯುತ್ತಲೇ ಇರುತ್ತದೆ. ಮೊದಲ ದಿನ ಗೆಜ್ಜೆ ಪೂಜೆ ಮಾಡಿ ಒಬ್ಬೊಬ್ಬರೂ ಗೆಜ್ಜೆ ಮುಟ್ಟಿ ಆಣೆ ಮಾಡುತ್ತಾರೆ: ಆಟ ಆಗುವತನಕ ಬೇರೆ ಊರಿನ ಕೆಲಸಕ್ಕೆ ಹೋಗುವುದಿಲ್ಲ, ತಾಲೀಮಿನ ಮನೆಯ ಹೊರಗೆ ಪದ ಹಾಡುವುದಿಲ್ಲ, ತಮ್ಮ ಮನೆಯ ಹೆಂಗಸರಿಗೆ ಆಟಕ್ಕಿಂತ ಮೊದಲು ಕೇಳಿಸುವುದಿಲ್ಲ. ನಾನು ಪಾತ್ರಧಾರಿಗಳ ಮನೆಯವಳಲ್ಲ, ಹಾಗಾಗಿ ನನಗೆ ಆ ಕಟ್ಟು ಇಲ್ಲ. ಅಡುಗೆಮನೆಯ ಗೋಡೆ ದಾಟಿದರೆ ಗೋದಾಮೇ.

ಎರಡು ಸಾವಿರದ ನಾಲ್ಕನೇ ಇಸವಿ, ದೀಪಾವಳಿ ಕಳೆದ ಮೇಲೆ ಹೊಸ ಆಟದ ತಾಲೀಮು ಶುರುವಾಯಿತು. ಪಕ್ಕೀರಪ್ಪ ಮಾಸ್ತರರು ತಾವೇ ಕಟ್ಟಿದ ಆಟ. ರಾಜ ದಂಡೆತ್ತಿ ಹೊಳೆ ದಾಟಿ ಹೋಗುತ್ತಾನೆ, ರಾಣಿ ಈಚೆ ದಂಡೆಯಲ್ಲಿ ಕಾಯುತ್ತಾಳೆ. ಮಾಸ್ತರರಿಗೆ ಆಗಲೇ ಎಪ್ಪತ್ತು ದಾಟಿತ್ತು. ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂತರೆ ಮಾತ್ರ ಬೆನ್ನು ನೆಟ್ಟಗಾಗುತ್ತಿತ್ತು. ರಾಣಿಯ ಪಾತ್ರ ಹನುಮೇಶನದು. ನಮ್ಮ ಗಿರಣಿಯ ಹಮಾಲಿಯೇ, ಇಪ್ಪತ್ತರ ಹುಡುಗ, ಚೀಲ ಹೊತ್ತು ಹೊತ್ತು ಹೆಗಲು ಕಂಬದಂತಾಗಿತ್ತು. ಆ ಹೆಗಲಿನ ಮೇಲಿನ ಗಂಟಲಿನಿಂದ ಅಷ್ಟು ತೆಳ್ಳನೆಯ, ಅಷ್ಟು ನೋಯುವ ದನಿ ಹೇಗೆ ಹೊರಡುತ್ತಿತ್ತೋ, ಈಗಲೂ ನನಗೆ ಅರ್ಥವಾಗಿಲ್ಲ. ‘ಹೋದವರು ಹೊಳೆ ದಾಟಿದರವ್ವ, ನನಗೆ ದಂಡೆಯೇ ದೇಶ’ ಎಂಬ ಸಾಲಿಗೆ ಬಂದಾಗ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದೆ. ಎಷ್ಟೋ ಸಲ ಹೆಂಚಿನ ಮೇಲಿನ ರೊಟ್ಟಿ ಸೀದು ಹೋಗಿದೆ.

ತಾಲೀಮು ಶುರುವಾದ ಹೊಸದರಲ್ಲಿ ಇವರು ಗೊಣಗಿದರು, ಇನ್ನು ಬರೆದ ಹಾಗೇ ಆಯಿತು ಎಂದರು. ಒಂದು ಸಂಜೆ ಗಿರಣಿ ನಿಲ್ಲಿಸಿ, ಗೋದಾಮಿನ ಮೇಲಿರುವ ಸಣ್ಣ ಕೋಣೆಗೆ ಯಾವುದೋ ರಸೀದಿ ಹುಡುಕಲು ಹೋದವರು ಊಟದ ಹೊತ್ತಾದರೂ ಇಳಿದು ಬರಲಿಲ್ಲ. ಹೋಗಿ ನೋಡಿದರೆ ನೆಲದ ಮೇಲೆ ಕೂತು ಬರೆಯುತ್ತಿದ್ದಾರೆ. ರಸೀದಿ ಪುಸ್ತಕದ ಬೆನ್ನಿನ ಮೇಲೆ. ಕೆಳಗೆ ಮದ್ದಳೆ ಬೀಳುತ್ತಿತ್ತು, ಇವರ ತಲೆ ಅದಕ್ಕೆ ಸರಿಯಾಗಿ ಅಲ್ಲಾಡುತ್ತಿತ್ತು, ಕೈ ಓಡುತ್ತಿತ್ತು. ನಾನು ಬಂದು ನಿಂತದ್ದೂ ತಿಳಿಯಲಿಲ್ಲ.

ಅಂದಿನಿಂದ ಅದೇ ಪರಿಪಾಠವಾಯಿತು. ಕೆಳಗೆ ಪೆಟ್ಟಿಗೆ ದನಿ ಎದ್ದ ಕೂಡಲೇ ಇವರು ಮೇಲೆ. ತಾಲೀಮೆಂದರೆ ಆಟ ನೋಡಿದ ಹಾಗಲ್ಲ. ಒಂದೇ ಸಾಲನ್ನು ಸರಿ ಹೋಗುವತನಕ ಹಿಂದೆ ಮುಂದೆ ಎಳೆಯುತ್ತಾರೆ. ಯಾರೋ ತಾಳ ತಪ್ಪುತ್ತಾರೆ, ಮಾಸ್ತರರು ಪೆಟ್ಟಿಗೆ ನಿಲ್ಲಿಸಿ ಬೈಯುತ್ತಾರೆ, ಮೊದಲಿನಿಂದ ಎತ್ತಿಕೊಳ್ಳುತ್ತಾರೆ. ಕೇಳುವವರಿಗೆ ತಲೆ ಚಿಟ್ಟು ಹಿಡಿಯಬೇಕು. ಇವರಿಗೆ ಅದೇ ಬೇಕಾಗಿತ್ತು. ತಾನು ಇಷ್ಟು ದಿನ ಒಂದು ವಾಕ್ಯ ಕೆಟ್ಟರೆ ಇಡೀ ಹಾಳೆ ಹರಿಯುತ್ತಿದ್ದೆ, ಈಗ ಕೆಳಗಿನವರು ಎತ್ತಿಕೊಂಡ ಹಾಗೆ ಅದೇ ವಾಕ್ಯವನ್ನು ತಿರುಗಿ ಎತ್ತಿಕೊಳ್ಳುತ್ತೇನೆ ಎಂದು ಒಂದು ದಿನ ಬಾಯಿಬಿಟ್ಟು ಹೇಳಿದರು. ಹುಸೇನಪ್ಪ ಎಂಬ ಹಮಾಲಿ ರಾಜನ ಪಾತ್ರದಲ್ಲಿ ಗುಡುಗಿದ ದಿನ ಕಾದಂಬರಿಯಲ್ಲಿ ಹೊಳೆಗೆ ನೆರೆ ಬರುತ್ತಿತ್ತು. ಹನುಮೇಶ ಹಾಡಿದ ದಿನ ಹರಿಗೋಲಿನ ಹೆಂಗಸು ಬಾಯಿ ಬಿಡುತ್ತಿದ್ದಳು. ಅವಳು ಏನು ಹೇಳುತ್ತಾಳೆ ಎಂಬುದು ಇವರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ನಾನು ಅದನ್ನು ಚೊಕ್ಕ ಅಕ್ಷರದಲ್ಲಿ ನಕಲು ಮಾಡುತ್ತಿದ್ದೆ. ಓದುತ್ತಾ ನನ್ನ ಕಣ್ಣು ಒದ್ದೆಯಾದದ್ದಿದೆ. ನನ್ನ ಗಂಡ ಇಷ್ಟು ಚೆನ್ನಾಗಿ ಬರೆಯಬಲ್ಲ ಎಂದು ನನಗೆ ಹೆಮ್ಮೆಯೂ ಆಯಿತು, ಸುಮ್ಮನೆ ಯಾಕೆ ಸುಳ್ಳು ಹೇಳಲಿ.

ಹನುಮೇಶನ ತಾಯಿ ಬಸಕ್ಕ ನಮ್ಮ ಗಿರಣಿಯಲ್ಲೇ ನುಚ್ಚು ಕೇರುವವಳು. ಗಂಡ ಬೇಗ ಹೋದ, ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಮಷಿನ್ ಪಕ್ಕ ಮೊರ ಹಿಡಿದು ಕೂತವಳು, ಅಲ್ಲೇ ತಲೆ ಬೆಳ್ಳಗಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಅಡುಗೆಮನೆಯ ಹಿತ್ತಲ ಬಾಗಿಲಿಗೆ ಬಂದು ಕೂರುತ್ತಿದ್ದಳು. ಅವಳು ಕೇಳುತ್ತಿದ್ದುದು ಒಂದೇ.

"ಹೆಂಗ ಹಾಡ್ತಾನ್ರಿ ಅಮ್ಮಾರ ನನ್ನ ಮಗ? ಖರೇ ಹೇಳ್ರಿ. ನನ್ನ ಮಾರಿ ನೋಡಿ ಹೇಳಬ್ಯಾಡ್ರಿ."

ನಾನು ಹೇಳುತ್ತಿದ್ದೆ. ನಿನ್ನೆ ಇಂಥ ಕಡೆ ದನಿ ಹೀಗೆ ಏರಿಸಿದ, ಮಾಸ್ತರರು ಬೈಯಲೇ ಇಲ್ಲ, ನನ್ನ ರೊಟ್ಟಿ ಸೀದಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಇಷ್ಟು ದಿನ ಊರವರ ಮಕ್ಕಳ ಆಟ ನೋಡಿದ್ದೇನೆ, ಈ ಸಲ ಮುಂದೆಯೇ ಕೂತು ನನ್ನ ಮಗನದು ಕೇಳುತ್ತೇನೆ ಎನ್ನುತ್ತಿದ್ದಳು. ಗೋಡೆಯ ಪಕ್ಕ ನಿಂತು ಒಂದು ಸಂಜೆ ಕೇಳಿಬಿಡು, ಯಾರು ನೋಡುತ್ತಾರೆ ಎಂದು ನಾನೇ ಒಮ್ಮೆ ಕರೆದೆ. ಅವಳ ಮುಖ ಬಿಳುಚಿಕೊಂಡಿತು. ಮಗ ಗೆಜ್ಜೆ ಮುಟ್ಟಿ ಆಣೆ ಮಾಡಿದ್ದಾನೆ, ಆಟಕ್ಕೆ ಕೆಡುಕಾಗುತ್ತದೆ ಎಂದಳು. ದೀಪ ಹಚ್ಚುವ ಹೊತ್ತಾದರೆ ಸಾಕು, ಬೇಕೆಂದೇ ಲಗುಬಗೆಯಿಂದ ಮೆಟ್ರಿಯ ದಾರಿ ಹಿಡಿಯುತ್ತಿದ್ದಳು.

ವಾಡಿಕೆಯಂತೆ ಆ ಬೇಸಿಗೆಯಲ್ಲಿ ಆಟ ಆಗಬೇಕಿತ್ತು. ಯುಗಾದಿಗೆ ಮುಂಚೆ ಪಕ್ಕೀರಪ್ಪ ಮಾಸ್ತರರು ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ಆಟ ಕೂಡಿದೆ, ವೀಳ್ಯ ಕೊಟ್ಟರೆ ಚಪ್ಪರಕ್ಕೆ ಹೇಳುತ್ತೇವೆ ಎಂದರು. ಇವರು ಕಾಫಿ ಕೊಡಿಸಿದರು, ಕಾಲುವೆಗೆ ನೀರು ಯಾವಾಗ ಬಿಡುತ್ತಾರೋ ಎಂದು ಮಾತು ತೆಗೆದರು, ಈ ಸಲ ಎರಡನೇ ಬೆಳೆಯ ಗದ್ದಲ ಮುಗಿಯಲಿ ಎಂದರು. ಮಾಸ್ತರರು ಹೂಂ ಎಂದು ಎದ್ದು ಹೋದರು. ಗಿರಣಿ ಮನೆಯ ಮಾತಿಗೆ ಎದುರಾಡಿ ರೂಢಿ ಇಲ್ಲದವರು. ಬೆಳೆ ಮುಗಿದ ಮೇಲೆ ಇವರು ಮಳೆ ಎಂದರು. ಮಳೆ ಮುಗಿದ ಮೇಲೆ ಚಪ್ಪರದವರು ಸಿಗುತ್ತಿಲ್ಲ ಎಂದರು. ಅದು ಅರ್ಧ ನಿಜವೂ ಆಗಿತ್ತು, ಆಗ ಯಾರೂ ಯಾವುದಕ್ಕೂ ಸಿಗುತ್ತಿರಲಿಲ್ಲ.

ಸಂಡೂರಿನ ಅದಿರಿನ ಮಣ್ಣಿಗೆ ಚಿನ್ನದ ಬೆಲೆ ಬಂದಿದ್ದ ದಿನಗಳು. ಚೀನಾದವರು ಏನೋ ಕಟ್ಟುತ್ತಾರಂತೆ, ನಮ್ಮ ಗುಡ್ಡಗಳು ಲಾರಿ ಹತ್ತಿ ಹೋಗುತ್ತಿದ್ದವು. ಹೊಸಪೇಟೆಗೆ ಹೋಗಿ ಬಂದರೆ ಸೀರೆ ಒಗೆದ ನೀರು ಕೆಂಪಗಾಗುತ್ತಿತ್ತು. ಸ್ಟೇರಿಂಗ್ ಹಿಡಿಯಲು ಬಂದವನೆಲ್ಲ ಟಿಪ್ಪರ್ ಡ್ರೈವರ್. ನಮ್ಮ ಗಿರಣಿಯಲ್ಲಿ ಚೀಲ ಹೊರುತ್ತಿದ್ದವರು ಒಬ್ಬೊಬ್ಬರೇ ಹೊಸ ಬೈಕಿನಲ್ಲಿ ಬಂದು, ಜೇಬಿನಿಂದ ಮೊಬೈಲ್ ತೆಗೆದು ತೋರಿಸಿ ಹೋಗುತ್ತಿದ್ದರು. ಮೇಳದವರಿಗೆ ಮಾತ್ರ ಗೆಜ್ಜೆಯ ಆಣೆ. ಅವರು ಸಂಡೂರಿನ ಕಡೆ ನೋಡುತ್ತಾ, ನಮ್ಮ ಚೀಲ ಹೊರುತ್ತಾ, ಸಂಜೆ ತಾಲೀಮಿಗೆ ಬರುತ್ತಾ ಇದ್ದರು. ಮೊದಲು ಆಣೆ ಮುರಿದವನು ಹುಸೇನಪ್ಪ. ಗೆಜ್ಜೆ ಬಿಚ್ಚಿ ಮಾಸ್ತರರ ಪೆಟ್ಟಿಗೆಯ ಮುಂದಿಟ್ಟು, ಕಾಲಿಗೆ ಬಿದ್ದು, ಅಳುತ್ತಲೇ ಹೋದನಂತೆ. ಅವನ ಹಿಂದೆ ಪಂಕ್ಚರ್ ಅಂಗಡಿಯವನು, ಆಮೇಲೆ ಇನ್ನಿಬ್ಬರು.

ಆಗ ನಾನು ಇವರನ್ನು ನೇರವಾಗಿ ಕೇಳಿದೆ. ನಕಲು ಮಾಡುತ್ತಿದ್ದವಳು ನಾನು, ಕಾದಂಬರಿ ಎಲ್ಲಿಗೆ ಬಂದಿದೆ ಎಂದು ನನಗೆ ಗೊತ್ತಿತ್ತು. ಮಳೆಗೂ ಚಪ್ಪರಕ್ಕೂ ವೀಳ್ಯಕ್ಕೂ ಸಂಬಂಧವಿಲ್ಲ ಎನ್ನುವುದು ಗೊತ್ತಾಗಲು ತಡವಾಯಿತಷ್ಟೆ. ಇವರು ಗಿರಣಿಯ ಕೀಲಿ ಗೊಂಚಲು ತಿರುವಿದರು.

"ತಾಲೀಮು ನಿಂತ್ರ ನನ್ನ ಕೈ ನಿಂತು ಹೋಗತೈತಿ ಸುನಿತಾ. ಆಟ ಆದ ಮರುದಿನ ಕೆಳಗ ಯಾರಿರ್ತಾರ? ಇನ್ನ ನಾಕು ಅಧ್ಯಾಯ ಉಳದಾವು. ಅಷ್ಟು ಆಗಿಬಿಡ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಆಟ ನಿಮ್ಮ ಕಾದಂಬರಿಗೆ ಕಟ್ಟಿದ ಎಮ್ಮೆಯೇನು, ಕರೆಯುವಷ್ಟು ದಿನ ಕರೆಯಲು ಎಂದು ಕೂಗಾಡಿದೆ. ಇವರು ಕೀಲಿ ಗೊಂಚಲನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಸಿಟ್ಟು ಕಡಿಮೆ ಎಂದು ಹೆಣ್ಣು ನೋಡಲು ಬಂದಾಗಲೇ ಹೇಳಿದ್ದರಲ್ಲ. ಸಿಟ್ಟಿಲ್ಲದ ಗಂಡಸಿನ ಹತ್ತಿರ ಜಗಳವಾಡಿ ಗೆದ್ದವರು ಯಾರು? ಸಂಜೆ ಪೆಟ್ಟಿಗೆ ದನಿ ಎದ್ದಿತು, ಇವರು ಮೆಟ್ಟಿಲು ಹತ್ತಿ ಹೋದರು. ನಾನು ವೀಳ್ಯ ಕೊಡುವ ಹಾಗಿದ್ದರೆ ಅಂದೇ ಹೋಗಿ ಕೊಡುತ್ತಿದ್ದೆ. ಹೆಂಗಸಿನ ಕೈಯ ವೀಳ್ಯವನ್ನು ಮೇಳ ಮುಟ್ಟುವುದಿಲ್ಲ.

ಈ ನಡುವೆ ಬಸಕ್ಕ ಬದಲಾಗುತ್ತಿದ್ದಳು. ನಾನು ಒಂದು ಮಾತು ಹೇಳಿದರೆ ಹಾಂ ಎನ್ನುವಳು, ಇನ್ನೊಮ್ಮೆ ಹೇಳಿದರೆ ಬಾಯಿಯನ್ನೇ ನೋಡುವಳು. ಮೊದಲು ತಮಾಷೆ ಮಾಡಿದೆ. ಒಂದು ದಿನ ಅಂಗಳದಲ್ಲಿ ಹಿಂದೆ ಸರಿಯುತ್ತಿದ್ದ ಲಾರಿಯ ಹಾರ್ನು ಕೇಳಿಸದೆ ಅದರ ದಾರಿಯಲ್ಲೇ ನಿಂತಿದ್ದಳು. ಹನುಮೇಶ ಓಡಿ ಬಂದು ಎಳೆದುಕೊಂಡ. ಅವಳನ್ನು ಮಷಿನ್ ಪಕ್ಕದಿಂದ ಎಬ್ಬಿಸಿ ಹಿತ್ತಲಿನ ಕೆಲಸಕ್ಕೆ ಹಾಕಿದೆ, ಬಸ್ಸು ಹತ್ತಿಸಿ ಹೊಸಪೇಟೆಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಎಷ್ಟು ವರ್ಷ ಮಷಿನ್ ಪಕ್ಕ ಕೂತಿದ್ದಾಳೆ ಎಂದು ಕೇಳಿದರು. ನರ ಸವೆದಿದೆ, ಇನ್ನೂ ಸ್ವಲ್ಪ ಉಳಿದಿದೆ, ಅದೂ ಹೋಗುತ್ತದೆ, ಯಾವಾಗ ಎಂದು ಹೇಳಲಾಗುವುದಿಲ್ಲ ಎಂದರು. ಕಿವಿಗೆ ಹಾಕುವ ಮಷಿನ್ ಕೊಡಿಸಿದೆ. ಅದು ಮಾತಿಗಿಂತ ಬಸ್ಸಿನ ಗಡಗಡವನ್ನೇ ದೊಡ್ಡದು ಮಾಡಿತಂತೆ. ಅವಳು ಅದನ್ನು ತೆಗೆದು ಕುಂಕುಮದ ಡಬ್ಬಿಯಲ್ಲಿ ಹಾಕಿಟ್ಟಳು.

ಅಂದು ಮನೆಗೆ ಬಂದವಳು ಕಾಲೂ ತೊಳೆಯದೆ ಇವರ ಮುಂದೆ ನಿಂತೆ.

"ನಾಳೀಗೆ ವೀಳ್ಯ ಕೊಡ್ರಿ. ಬಸಕ್ಕಗ ಇನ್ನೂ ಒಂದೀಟು ಕೇಳಸತೈತಿ. ಇದ್ದಾಗ ಮಗನ ಹಾಡು ಕೇಳ್ಲಿ."

ಇವರ ಮುಖ ಇಳಿದುಹೋಯಿತು. ನಿಜವಾಗಿಯೂ ನೊಂದರು, ಅದನ್ನು ನಾನು ಕಂಡಿದ್ದೇನೆ. ಬಸಕ್ಕನ ಸಂಬಳ ಹೆಚ್ಚಿಸುತ್ತೇನೆ ಎಂದರು, ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಎಂದರು. ಎರಡು ಅಧ್ಯಾಯ ಉಳಿದಿವೆ, ಬೇಗ ಬರೆಯುತ್ತೇನೆ ಎಂದರು. ಕಾದಂಬರಿ ಮುಗಿದ ಮಾರನೇ ದಿನವೇ ವೀಳ್ಯ ಎಂದು ದೇವರ ಮನೆಯ ಕಡೆ ಕೈ ತೋರಿಸಿ ಆಣೆ ಮಾಡಿದರು. ಬೇಗ ಬರೆಯುತ್ತೇನೆಂದು ಹೇಳಿದ್ದೇ ಮೋಸ. ಹರಿಗೋಲಿನ ಹೆಂಗಸಿನ ಕೊನೆಯ ಮಾತಿಗೆ ಒಂದು ಇಡೀ ಮಳೆಗಾಲ ತೆಗೆದುಕೊಂಡರು.

ಕೆಳಗೆ ಮೇಳ ಕರಗುತ್ತಾ ಬಂದಿತ್ತು. ಮದ್ದಳೆಯವನೂ ಸಂಡೂರಿಗೆ ಹೋದ. ಕಡೆಗೆ ಇಬ್ಬರೇ ಉಳಿದರು, ಪೆಟ್ಟಿಗೆಯ ಹಿಂದೆ ಪಕ್ಕೀರಪ್ಪ ಮಾಸ್ತರರು, ಮುಂದೆ ಹನುಮೇಶ. ರಾಜನ ಪದವನ್ನು ಮಾಸ್ತರರೇ ನಡುಗುವ ಗಂಟಲಲ್ಲಿ ಹಾಡುತ್ತಿದ್ದರು, ದಂಡಿನ ಪದ, ದೂತನ ಪದ ಎಲ್ಲವನ್ನೂ ಅವರೇ. ರಾಣಿಯ ಸಾಲು ಬಂದಾಗ ಹನುಮೇಶ. ತಾಳಕ್ಕೆ ನೆಲದ ಮೇಲೆ ಅಂಗೈ ಬಡಿಯುತ್ತಿದ್ದ. ನಾನು ಅಡುಗೆಮನೆಯಲ್ಲಿ ಕೇಳುತ್ತಾ ನಿಲ್ಲುತ್ತಿದ್ದೆ. ಮೇಲೆ ಇವರ ಕೈ ಓಡುತ್ತಿತ್ತು. ಹಾಗೆ ಬರೆದ ಆ ಕೊನೆಯ ಅಧ್ಯಾಯವೇ ಇಡೀ ಪುಸ್ತಕದಲ್ಲಿ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಅದನ್ನು ನಕಲು ಮಾಡುವಾಗ ಎರಡು ಸಲ ಪೆನ್ನು ಇಟ್ಟು ಎದ್ದು ಹೋಗಿದ್ದೆ.

ಕಾದಂಬರಿ ಮುಗಿಯಿತು. ಇವರು ಮಾತಿಗೆ ತಪ್ಪಲಿಲ್ಲ, ಮಾರನೇ ದಿನವೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಐದೆಲೆ ವೀಳ್ಯ ಹಿಡಿದುಕೊಂಡು ಹೊರಟರು. ತಾಲೀಮಿನ ಮನೆಗೆ ಹೋಗಿ ಕೊಡುವುದು ಪದ್ಧತಿ. ಬೆಳಗಿನ ಹೊತ್ತು ಅಲ್ಲಿ ಯಾರಿರುತ್ತಾರೆ? ಮೆಟ್ರಿಗೇ ಹೋಗೋಣ ಎಂದು ನನ್ನನ್ನೂ ಕರೆದರು. ಮಾಸ್ತರರು ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದರು. ವೀಳ್ಯ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು, ಬಹಳ ಹೊತ್ತು ಮಡಿಲಲ್ಲಿಟ್ಟುಕೊಂಡರು, ಆಮೇಲೆ ಮೆಲ್ಲಗೆ ಇವರ ಕೈಗೇ ವಾಪಸು ಕೊಟ್ಟರು. ಕುಣಿಯುವವರು ಇಲ್ಲದ ಆಟಕ್ಕೆ ತಾರೀಕು ತೆಗೆದುಕೊಂಡು ಏನು ಮಾಡಲಿ, ಧಣಿ ಬೇಸರ ಮಾಡಿಕೊಳ್ಳಬಾರದು ಎಂದರು. ಬೇಸರ ಮಾಡಿಕೊಳ್ಳಬೇಡಿ ಎಂದು ಅವರು ಹೇಳುತ್ತಿದ್ದರು, ಇವರಿಗೆ.

ಇವರು ಸೋಲಲಿಲ್ಲ. ಸಂಡೂರಿನಿಂದ ಎಲ್ಲರನ್ನೂ ಕರೆಸುತ್ತೇನೆ, ಅವರ ರಜೆಯ ಕೂಲಿ ನಾನೇ ಕೊಡುತ್ತೇನೆ, ಹುಸೇನಪ್ಪನಿಗೆ ನಾನೇ ಹೇಳುತ್ತೇನೆ ಎಂದು ಹಟ ಹಿಡಿದವರ ಹಾಗೆ ಮಾತಾಡಿದರು. ಹನುಮೇಶ ಒಪ್ಪಿದರೆ ಆಯಿತು, ರಾಣಿ ಇದ್ದರೆ ಆಟ ಇದ್ದ ಹಾಗೆ ಎಂದರು. ಅಲ್ಲಿಂದ ನಾಲ್ಕು ಮನೆ ಆಚೆಗೇ ಹನುಮೇಶನ ಮನೆ. ಅವನು ಬಾಗಿಲ ಮುಂದೆ ಒಂದು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ಅವನೂ ಸಂಡೂರಿಗೆ ಹೊರಟಿದ್ದ. ನಮ್ಮನ್ನು ನೋಡಿ ಗಡಬಡಿಸಿ ಎದ್ದು ಕಂಬಳಿ ಹಾಸಿದ. ಇವರು ನಿಂತೇ ವೀಳ್ಯ ಚಾಚಿದರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ತಾನು ಯಾಕೆ ತಡ ಮಾಡಿದೆ ಎನ್ನುವುದನ್ನೂ ಹೇಳಿಬಿಟ್ಟರು. ಹುಡುಗ ತಲೆ ತಗ್ಗಿಸಿ ಕೇಳಿದ. ಸಿಟ್ಟು ಮಾಡಿದ್ದರೆ, ಒಂದು ಮಾತು ಬೈದಿದ್ದರೆ ಇವರು ಬದುಕಿಕೊಳ್ಳುತ್ತಿದ್ದರೋ ಏನೋ.

"ನಮ್ಮವ್ವ ಕೇಳ್ಲಿ ಅಂತ ಗೆಜ್ಜಿ ಕಟ್ಟಿದ್ದೆ ಧಣಿ," ಎಂದ. "ಈಗ ಆಕಿಗೆ ಗಿರಣಿ ಸದ್ದೂ ಕೇಳಸಂಗಿಲ್ಲ. ಇನ್ನ ಯಾರಿಗೆ ಹಾಡ್ಲಿ? ಮ್ಯಾಲ ಕುಂತು ನೀವಾರ ಕೇಳೀರಲ್ಲ, ಸಾಕು ಬಿಡ್ರಿ."

ಆ ಮಾತನ್ನು ಅವನು ಚುಚ್ಚಬೇಕೆಂದು ಆಡಿರಲಿಲ್ಲ. ನಮಗೆ ನೀರು ಕೊಟ್ಟ, ಗಾಡಿಯತನಕ ಬಂದು ಕಳಿಸಿದ. ಮನೆ ಸೇರುವಷ್ಟರಲ್ಲಿ ವೀಳ್ಯ ಕೈಯಲ್ಲೇ ಬಾಡಿತು.

ಪುಸ್ತಕ ಮರುವರ್ಷ ಅಚ್ಚಾಗಿ ಬಂತು. ಹೊಸಪೇಟೆಯಲ್ಲಿ ಸಭೆ ಮಾಡಿದರು, ಶಾಲು ಹೊದಿಸಿದರು. ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ಈ ಕಾದಂಬರಿಯ ಗದ್ಯದೊಳಗೆ ಸಂಗೀತವಿದೆ, ಎಲ್ಲಿಂದ ಬಂತೋ ತಿಳಿಯದು. ಇವರು ಕುರ್ಚಿಯಲ್ಲಿ ಕುಗ್ಗಿ ಕೂತಿದ್ದರು, ಜನ ಅದನ್ನು ವಿನಯ ಎಂದುಕೊಂಡರು. ಆ ಪುಸ್ತಕದಲ್ಲಿ ಮಾಸ್ತರರ ಪದದ ಒಂದು ಸಾಲೂ ಇಲ್ಲ. ಕದ್ದ ಹಾಗಾಗುತ್ತದೆ, ಅವರ ಪದ ಅವರ ಆಟದಲ್ಲೇ ಮೊದಲು ಕೇಳಬೇಕು ಎಂದು ಬರೆಯುವಾಗಲೇ ಇವರು ಎಚ್ಚರ ವಹಿಸಿದ್ದರು. ಒಂದು ಸಾಲು ಕದಿಯಲು ಹೆದರಿದ ಮನುಷ್ಯ ಎರಡು ಬೇಸಿಗೆ ಕದ್ದರು. ಮುನ್ನುಡಿಯಲ್ಲಿ ಮೇಳದವರ ಹೆಸರು ಬರೆದಿದ್ದರು. ಬರೆದರೆ ಉಳಿದದ್ದನ್ನೂ ಬರೆಯಬೇಕಾಗುತ್ತದೆ ಎಂದು ತಾವೇ ಹೊಡೆದು ಹಾಕಿದರು. ಹೊಡೆದು ಹಾಕಬೇಡಿ ಎಂದೆ, ಕೇಳಲಿಲ್ಲ.

ಆಮೇಲೆ ಇವರು ಒಂದು ಪುಟವನ್ನೂ ಬರೆದಿಲ್ಲ. ಬರೆಯಬೇಕೆಂದು ಕೂತದ್ದೂ ಇಲ್ಲ. ಗೋದಾಮಿನಲ್ಲಿ ಈಗ ಖಾಲಿ ಗೋಣಿಚೀಲಗಳಿವೆ. ಸಂಜೆಯಾದರೆ ಹಳೇ ರೂಢಿಗೆ ಮೆಟ್ಟಿಲ ತನಕ ಹೋಗಿ, ಅಲ್ಲೇ ನಿಂತು, ತಿರುಗಿ ಬರುತ್ತಾರೆ. ನನಗೆ ಅವರ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಹಾಗೆ ತಿರುಗಿ ಬರುವುದನ್ನು ನೋಡಿದಾಗ ಮಾತ್ರ ಎದ್ದು ಕಾಫಿಗೆ ನೀರು ಇಡುತ್ತೇನೆ.

ಹೋದ ವಾರ ಬೆಳಗ್ಗೆ ಇವರು ಗಿರಣಿಯ ಅಂಗಳದಲ್ಲಿ ತೂಕದ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು, ನಾನು ಬಿಸಿಲಿಗೆ ಸಂಡಿಗೆ ಹಾಕುತ್ತಿದ್ದೆ. ಬಸಕ್ಕ ಬಂದಳು. ಹನುಮೇಶ ಸಂಡೂರಿನಲ್ಲೇ ಇದ್ದಾನೆ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ಅವಳ ಕೈಯಲ್ಲಿ ನಮ್ಮ ಪುಸ್ತಕ ಇತ್ತು. ಊರಿನ ಶಾಲೆಯ ಯಾವ ಮಾಸ್ತರರ ಹತ್ತಿರ ಇಸಿದುಕೊಂಡು ಬಂದಿದ್ದಳೋ, ಒಂದು ಒಗೆದ ಬಟ್ಟೆಯಲ್ಲಿ ಸುತ್ತಿದ್ದಳು. ಬಿಚ್ಚಿ ಇವರ ತೊಡೆಯ ಮೇಲಿಟ್ಟಳು. ಕಿವಿ ಕೇಳದವರು ಮಾತಾಡುವ ಹಾಗೆ ಜೋರಾಗಿ ಮಾತಾಡಿದಳು, ಅಂಗಳದವರೆಲ್ಲ ತಿರುಗಿ ನೋಡಿದರು.

"ನನ್ನ ಮಗನ ಹಾಡು ಕೇಳಿ ಇದನ್ನ ಬರದೀರಂತಲ್ರಿ ಧಣಿ. ಆ ಹಾಡು ಇದ್ರಾಗ ಎಲ್ಲೈತಿ? ಒಂದೀಟು ಬೆರಳಿಟ್ಟು ತೋರಸ್ರಿ, ನೋಡ್ತೀನಿ."

ಇವರು ಪುಸ್ತಕ ತೆರೆದರು. ಮೊದಲ ಪುಟ ತಿರುವಿದರು, ನಡುವೆ ತೆರೆದರು, ಕೊನೆಯ ಅಧ್ಯಾಯಕ್ಕೆ ಹೋದರು, ಮತ್ತೆ ಹಿಂದಕ್ಕೆ ಬಂದರು. ತಾವೇ ಬರೆದ ಪುಸ್ತಕದಲ್ಲಿ ಬೆರಳಿಡಲು ಒಂದು ಜಾಗ ಸಿಗಲಿಲ್ಲ. ಬಸಕ್ಕ ಅವಸರ ಮಾಡಲಿಲ್ಲ, ಬೆರಳು ಇಡಿಸಿಕೊಳ್ಳಲು ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಹಿಡಿದೇ ಇದ್ದಳು. ಸಂಡಿಗೆ ಹಿಟ್ಟಿನ ಕೈಯಲ್ಲೇ ನಾನೂ ಎದ್ದು ಬಂದೆ. ಏನಾದರೂ ಒಂದು ಸಾಲು ತೋರಿಸಿಬಿಡಿ ಎಂದು ಕಣ್ಸನ್ನೆ ಮಾಡಿದೆ. ಇವರು ನನ್ನ ಕಡೆ ನೋಡಲೂ ಇಲ್ಲ. ಪುಸ್ತಕ ಮುಚ್ಚಿ ಅವಳ ಮುಖ ನೋಡಿದರು.

"ಇದ್ರಾಗ ಇಲ್ಲ ಬಸಕ್ಕಾ. ನಾನು ಬರೀಲಿಲ್ಲ. ನಿನಗ ಕೇಳಸೂದಿತ್ತು, ಅದನ್ನ ನಾನು ತಿಂದೆ. ಎಲ್ಲೂ ಇಲ್ಲ ಈಗ, ಎಲ್ಲೂ ಉಳಿದಿಲ್ಲ."

ತುಟಿ ನಡುಗುತ್ತಿದ್ದರಿಂದ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದರು. ಬಸಕ್ಕ ಕಣ್ಣು ಕೀಲಿಸಿ ಆ ತುಟಿಗಳನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಮುಖ ಅರಳಿತು. ತನ್ನ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದಳು. ಹಾಡನ್ನೇ ಹೇಳುತ್ತಿದ್ದಾರೆ ಎಂದುಕೊಂಡಿದ್ದಳು.

ಇವರು ನಿಲ್ಲಿಸಿದರು.

"ಭಾಳ ಚಲೋ ಐತ್ರಿ," ಎಂದಳು ಬಸಕ್ಕ, "ಮುಂದ ಅನ್ರಿ."